ಓರಗಿತ್ತಿಯ ಫ್ಲಾಟು, ನನ್ನ ಗೋಡೆಯ ರೊಟ್ಟಿ

ಮೊನ್ನೆ ಉಲ್ಕಾನಳ ಅರವತ್ತರ ಔತಣದಲ್ಲಿ ನನ್ನ ಕೈಗೂ ಮೈಕ್ ಕೊಟ್ಟರು. ನಮ್ಮಲ್ಲಿ ಔತಣಕ್ಕೆ ಹೋದವರು ಒಬ್ಬೊಬ್ಬರಾಗಿ ಎದ್ದು ನಾಲ್ಕು ಒಳ್ಳೆ ಮಾತು ಆಡಲೇಬೇಕು, ತಪ್ಪಿಸಿಕೊಳ್ಳೋ ಹಾಗಿಲ್ಲ. ನನಗಿಂತ ಮುಂಚೆ ಎದ್ದವರೆಲ್ಲ "ಇಡೀ ಬಿಷ್ಕೆಕ್ ಪಟ್ಟಣ ಬಾಡಿಗೆಯವರನ್ನ ಬೀದಿಗೆ ತಳ್ಳುತ್ತಿದ್ದಾಗ ಬಾಗಿಲು ತೆರೆದ ಮಹಾತಾಯಿ" ಅಂತ ಅವಳನ್ನ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು. ನಾನು ಎದ್ದೆ, "ಅಕ್ಕ ನೂರು ವರ್ಷ ಚೆನ್ನಾಗಿರಲಿ" ಅಂದೆ, ಕೂತೆ. ನನ್ನ ಗಂಡ ಸಬೀರ್ ಮೊಣಕೈಯಲ್ಲಿ ತಿವಿದ.

"ಅಷ್ಟೇನಾ ಬೂರುಲ್?"

"ಅಷ್ಟೇ. ತಿನ್ನಿ, ಮಾಂಸ ಆರ್ತಿದೆ."

ಮೈಕಿನಲ್ಲಿ ಹೇಳದ್ದನ್ನ ಇಲ್ಲಿ ಹೇಳ್ತೀನಿ. ಉಲ್ಕಾನ್ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರೋರು ಈ ಭೂಮಿ ಮೇಲೆ ಇಲ್ಲ. ಒಡಹುಟ್ಟಿದ ಅಕ್ಕತಂಗಿಯರಾದರೆ ಮದುವೆಯಾಗಿ ದಿಕ್ಕಿಗೊಬ್ಬರು ಹೋಗ್ತಾರೆ, ಕಣ್ಣಿಗೆ ಬೀಳೋದಿಲ್ಲ. ಓರಗಿತ್ತಿಯನ್ನ ಮಾತ್ರ ಸಾಯೋವರೆಗೂ ನೋಡ್ತಾನೇ ಇರಬೇಕು.

ಅವಳು ಈ ಮನೆಗೆ ದೊಡ್ಡ ಸೊಸೆ, ನಾನು ಚಿಕ್ಕವಳು. ನಮ್ಮ ಜನರಲ್ಲಿ ಕಿರಿಮಗನಿಗೆ ಮನೆ, ಮನೆಯ ಜೊತೆಗೆ ತಾಯಿ. ಹಾಗಾಗಿ ಊರಾಚೆ ಬಡಾವಣೆಯ ಈ ಮಣ್ಣಿಟ್ಟಿಗೆಯ ಮನೆ, ಏಪ್ರಿಕಾಟ್ ಮರ, ಅಂಗಳದ ಆ ಬದಿಯಲ್ಲಿ ಬಾಡಿಗೆಗೆ ಕೊಡೋ ಎರಡು ಕೋಣೆಯ ಪುಟ್ಟ ಮನೆ, ಇವೆಲ್ಲದರ ಜೊತೆ ಅತ್ತೆ, ಇಷ್ಟೂ ನಮ್ಮ ಪಾಲಿಗೆ ಬಂತು. ಉಲ್ಕಾನಳಿಗೆ ಏನೂ ಇಲ್ಲ. ಅವಳು ಗಂಡನನ್ನ ಕಟ್ಟಿಕೊಂಡು ಮಾಸ್ಕೋಗೆ ಹೋದಳು. ಅಲ್ಲಿ ಆಫೀಸುಗಳ ನೆಲ ಒರೆಸಿದಳು, ಯಾರ್‍ಯಾರದೋ ಮೆಟ್ಟಿಲು ತೊಳೆದಳು. ನಾನು ಇಲ್ಲಿ ಬೆಳಗ್ಗೆ ಎದ್ದು ಒಲೆಗೆ ಕಲ್ಲಿದ್ದಲು ಹಾಕಿದೆ, ಅತ್ತೆಯ ಕಾಲು ಒತ್ತಿದೆ. ದುಡಿದದ್ದು ಇಬ್ಬರೂ. ಆದರೆ ಅವಳ ದುಡಿಮೆ ಗೋಡೆಯಾಗಿ ಎದ್ದು ನಿಂತಿತು, ನನ್ನದು ಬೂದಿಯಾಗಿ ಹಿತ್ತಲಿಗೆ ಹೋಯಿತು.

ಗೋಡೆ ಅಂದೆನಲ್ಲ, ಮೊದಲು ಅದು ಗುಂಡಿ. ನಮ್ಮೂರಲ್ಲಿ ಫ್ಲಾಟನ್ನ ಅಗ್ಗಕ್ಕೆ ಕೊಳ್ಳಬೇಕಂದ್ರೆ ಪಾಯದ ಗುಂಡಿ ತೋಡಿದಾಗಲೇ ಕೊಳ್ಳಬೇಕು. ಬಿಲ್ಡರ್ ಒಂದು ಬಣ್ಣದ ಚಿತ್ರ ತೋರಿಸ್ತಾನೆ, ಚಿತ್ರದಲ್ಲಿ ಕಾರಂಜಿ ಇರುತ್ತೆ, ಮಕ್ಕಳು ಬಲೂನು ಹಿಡಿದುಕೊಂಡು ಓಡ್ತಿರ್ತಾರೆ. ನೀವು ದುಡ್ಡು ಕೊಟ್ಟು ಗುಂಡಿ ನೋಡಿಕೊಂಡು ಬರಬೇಕು. ಎಷ್ಟೋ ಜನಕ್ಕೆ ಗುಂಡಿಯೇ ಗತಿಯಾಗಿದೆ. ಬಿಲ್ಡರ್ ಮಾಯ, ಇಲ್ಲಾ ಒಂದೇ ಫ್ಲಾಟು ಇಬ್ಬರಿಗೆ ಮಾರಾಟ. ಉಲ್ಕಾನ್ ಮಾಸ್ಕೋದಲ್ಲಿ ಚಳಿಗೆ ಒಂದು ಒಳ್ಳೆ ಕೋಟು ಕೂಡ ಕೊಳ್ಳದೆ ಅಂಥ ಒಂದು ಗುಂಡಿ ಕೊಂಡಳು. ಕೇಳಿದ ದಿನ ನಾನು ನಕ್ಕೆ.

"ನೆಲ ಒರೆಸಿ ಒರೆಸಿ ನೆಲದೊಳಗೇ ದುಡ್ಡು ಹೂತಳು ನೋಡಿ ನಿಮ್ಮ ಅತ್ತಿಗೆ" ಅಂತ ಸಬೀರನಿಗೆ ಹೇಳಿದೆ.

ಬಜಾರಿಗೆ ಹೋದಾಗಲೆಲ್ಲ ಒಂದು ಸ್ಟಾಪ್ ಮುಂಚೆಯೇ ವ್ಯಾನಿನಿಂದ ಇಳಿದು ಆ ಗುಂಡಿ ನೋಡಿಕೊಂಡು ಬರ್ತಿದ್ದೆ. ಮಳೆನೀರು ನಿಂತಿತ್ತು, ಕಪ್ಪೆ ವಟಗುಟ್ಟುತ್ತಿತ್ತು. ಹೇಳಬಾರದು, ಆ ಕಪ್ಪೆಗಳ ಸದ್ದು ಕೇಳಿದರೆ ನನಗೆ ಹೊಟ್ಟೆ ತುಂಬ ಉಂಡ ಹಾಗಾಗ್ತಿತ್ತು. ಆಮೇಲೆ ಒಂದು ವಸಂತದಲ್ಲಿ ಹೋಗಿ ನೋಡ್ತೀನಿ, ಗುಂಡಿಯಿಂದ ಕಂಬಗಳು ಎದ್ದಿವೆ. ಅಂತಸ್ತಿನ ಮೇಲೆ ಅಂತಸ್ತು ಏರಿತು, ಒಂದೊಂದೂ ನನ್ನ ಎದೆ ಮೇಲೇ ಏರಿತು. ಒಂಬತ್ತನೇದರಲ್ಲಿ ಅವಳ ಫ್ಲಾಟು. ಸಾಲದು ಅಂತ ಎದುರಿನ ಬಾಗಿಲಿನದ್ದನ್ನೂ ಕೊಂಡಳು, ಬಾಡಿಗೆಗೆ ಕೊಡೋಕೆ. ಥೂ, ಆ ಬಿಲ್ಡರ್ ಊರಿಗೊಬ್ಬನೇ ಪ್ರಾಮಾಣಿಕ ಇದ್ದ, ಅವನೇ ಇವಳಿಗೆ ಸಿಗಬೇಕಾ?

ಮಾಸ್ಕೋ ಬಿಟ್ಟು ಬಂದು ಗೃಹಪ್ರವೇಶಕ್ಕೆ ಕರೆದಳು. ಹೊಸ ಮನೆಯನ್ನ ಮೊದಲ ಸಲ ನೋಡಿದವರು ನೋಡಿದ್ದಕ್ಕೆ ಅಂತ ಏನಾದ್ರೂ ಕೊಡಬೇಕು, ನಾನು ಕೈಯಾರೆ ಹೊಲಿದ ರಜಾಯಿ ಕೊಟ್ಟೆ. ಕೊಟ್ಟು ಗೋಡೆ ಗೋಡೆ ತಿರುಗಿ ಎಲ್ಲಾದರೂ ಬಿರುಕು ಸಿಗುತ್ತಾ ಅಂತ ಹುಡುಕಿದೆ, ಸಿಗಲಿಲ್ಲ. ಬೆಟ್ಟದ ಕಡೆ ಕಿಟಕಿ ಇರೋ ಒಂದು ಕೋಣೆಗೆ ಕರೆದುಕೊಂಡು ಹೋಗಿ, "ಇದು ಅತ್ತೆಯ ಕೋಣೆ" ಅಂದಳು. ಮಂಚ ಹಾಕಿಸಿದ್ದಳು, ಮೆತ್ತನೆ ಹಾಸಿಗೆಗಳನ್ನ ಪೇರಿಸಿಟ್ಟಿದ್ದಳು, ಚಪ್ಪಲಿ ಕೂಡ ಇಟ್ಟಿದ್ದಳು. ಎಲ್ಲಾ ತೋರಿಕೆ ಅಂದುಕೊಂಡೆ. ಅತ್ತೆ ಹಾಸಿಗೆ ಮುಟ್ಟಿ ನೋಡಿದರು, ಊಟ ಮಾಡಿದರು, ಹೊರಡುವಾಗ ರೊಟ್ಟಿ ಚಿವುಟಿ ಬಾಯಿಗೆ ಹಾಕಿಕೊಂಡು ನಮ್ಮ ಜೊತೆ ವಾಪಸ್ ಬಂದರು. "ಆ ಲಿಫ್ಟು ಅಂದ್ರೆ ನನಗೆ ಭಯ ಕಣೇ" ಅಂದರು. ಆಮೇಲೂ ಹಬ್ಬಕ್ಕೆ ಹೋಗಿ ಬರೋರು, ಅಲ್ಲಿ ಮಲಗಿದ್ದು ಮಾತ್ರ ಇಲ್ಲ.

ಆದರೆ ಬಾಯಲ್ಲಿ ಸದಾ ಉಲ್ಕಾನ್. ಉಲ್ಕಾನ್ ಹಿಟ್ಟು ನಾದಿ ಕರಿಯೋ ಬೂರ್ಸೋಕ್ ಎಣ್ಣೆ ಕುಡಿಯಲ್ಲ. ಉಲ್ಕಾನ್ ಗಂಡನಿಗೆ ಎದುರು ಮಾತಾಡಲ್ಲ. ಉಲ್ಕಾನ್ ಕೈಯಿಟ್ಟಿದ್ದೆಲ್ಲ ನಿಲ್ಲುತ್ತೆ. ಅವರ ಕಾಲು ಒತ್ತುತ್ತಾ ಇದನ್ನೆಲ್ಲ ಕೇಳಬೇಕು ನಾನು! ನಾನು ಸುಟ್ಟ ರೊಟ್ಟಿ ತಿಂದು, ನಾನು ಕಾಯಿಸಿದ ಹಾಲು ಕುಡಿದು, ನನಗೆ ಒಂದು ದಿನ "ಚೆನ್ನಾಗಿದೆ ಮಗಾ" ಅಂದವರಲ್ಲ. ನನಗೆ ಫ್ಲಾಟು ಬೇಕಿತ್ತಾ, ಆ ಒಂದು ಮಾತು ಬೇಕಿತ್ತಾ ಅಂತ ಕೇಳಿದರೆ, ಎರಡೂ ಬೇಕಿತ್ತು. ಮಾತು ಸಿಗೋ ಲಕ್ಷಣ ಇರಲಿಲ್ಲ. ಫ್ಲಾಟಿನದಾದ್ರೂ ಒಂದು ದಾರಿ ಹುಡುಕೋಣ ಅಂತ ಕಾಯ್ತಿದ್ದೆ.

ಆ ಶರತ್ಕಾಲದಲ್ಲಿ ದಾರಿ ತಾನಾಗಿ ಬಂತು. ಉತ್ತರದಲ್ಲಿ ಯುದ್ಧಕ್ಕೆ ಗಂಡಸರನ್ನ ಹಿಡಿದು ಕಳಿಸ್ತಾರೆ ಅಂತ ಆಯ್ತು ನೋಡಿ, ರಷ್ಯಾದ ಹುಡುಗರು ಬೆನ್ನಿಗೆ ಬ್ಯಾಗು, ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ನಮ್ಮೂರಿಗೆ ಬಂದು ಬಿದ್ದರು. ಬಾಡಿಗೆ ನೋಡ ನೋಡ್ತಾ ಎರಡರಷ್ಟಾಯಿತು, ಅದೂ ಡಾಲರಿನಲ್ಲಿ. ಬಾಡಿಗೆ ಕರಾರು ಅಂತ ನಮ್ಮಲ್ಲಿ ಯಾರು ಬರೆದುಕೊಳ್ತಾರೆ? ಎಲ್ಲಾ ಬಾಯಿಮಾತು. ಮನೆ ಮನೆಯಲ್ಲೂ ಇದ್ದಕ್ಕಿದ್ದ ಹಾಗೆ ಊರಿಂದ ನೆಂಟರು ಬರೋರಿದ್ದರು, ಮಗನಿಗೆ ಮದುವೆಯಾಗೋದಿತ್ತು, ಗೋಡೆಗೆ ಸುಣ್ಣ ಹೊಡೆಸೋದಿತ್ತು. ಓದೋ ಹುಡುಗಿಯರು, ಆಸ್ಪತ್ರೆ ಆಯಾಗಳು, ಹೊಲಿಗೆ ಕಾರ್ಖಾನೆಯವರು, ಎಲ್ಲರೂ ಗಂಟುಮೂಟೆ ಕಟ್ಟಿದರು. ಅದೇ ಸಮಯಕ್ಕೆ ಉಲ್ಕಾನಳ ಎದುರಿನ ಫ್ಲಾಟೂ ಖಾಲಿಯಾಯಿತು, ಅಲ್ಲಿದ್ದ ಗಂಡ ಹೆಂಡತಿ ಕೆಲಸ ಹುಡುಕಿಕೊಂಡು ಕೊರಿಯಾಕ್ಕೆ ಹೋದರು.

"ಇನ್ನು ಉಲ್ಕಾನ್ ಡಾಲರನ್ನ ಮೂಟೆಯಲ್ಲಿ ತುಂಬ್ತಾಳೆ ಬಿಡು" ಅಂತ ಪಕ್ಕದ ಮನೆಯವಳು ಬೇಲಿ ಮೇಲಿಂದ ಹೇಳಿದಳು. ನನಗೆ ಮೈಯೆಲ್ಲ ಉರಿದು ಹೋಯಿತು. ಮಾಡ್ತಿದ್ದ ಕೆಲಸ ಬಿಟ್ಟು ಒಳಗೆ ಬಂದೆ.

ನಮ್ಮ ಅಂಗಳದ ಮನೆಯಲ್ಲಿ ಆಗ ಸಾದತ್ ಇದ್ದಳು. ಶಿಶುವಿಹಾರದಲ್ಲಿ ಅಡುಗೆ ಮಾಡ್ತಾಳೆ. ಗಂಡ ರಷ್ಯಾಕ್ಕೆ ಹೋದವನು ಫೋನ್ ಎತ್ತೋದೇ ಬಿಟ್ಟಿದ್ದ. ನಾಲ್ಕು ವರ್ಷದ ಮಗಳು ಅಕ್ಮೋರ್, ಇಡೀ ದಿನ ಅತ್ತೆಯ ಸೆರಗು ಹಿಡಿದೇ ಇರೋದು. ಅವರು ಬಂದ ದಿನ, ಹೊಸದಾಗಿ ಬಂದವರಿಗೆ ಮೊದಲೂಟ ಇದ್ದವರೇ ಹಾಕಬೇಕು ಅಂತ ಅತ್ತೆ ಕುರಿಮಾಂಸದ ಅಡುಗೆ ಮಾಡಿಸಿ ಬಡಿಸಿದ್ದರು. ಬಾಡಿಗೆಯವರಿಗೆ ಯಾರಾದರೂ ಕುರಿಮಾಂಸ ಬಡಿಸ್ತಾರಾ ಅಂತ ನಾನು ಅವತ್ತೇ ಗೊಣಗಿದ್ದೆ.

"ಸಾದತ್‌ಗೆ ಬೇರೆ ಮನೆ ನೋಡ್ಕೊಳ್ಳೋಕೆ ಹೇಳೋಣ" ಅಂದೆ ಸಬೀರನಿಗೆ.

"ಚಳಿ ಶುರುವಾಯ್ತು ಕಣೇ. ಮಗು ಕಟ್ಟಿಕೊಂಡು ಎಲ್ಲಿ ಹೋಗ್ತಾಳೆ?"

"ನಿಮ್ಮ ಅತ್ತಿಗೆ ಡಾಲರ್ ಎಣಿಸ್ತಾಳೆ, ನಾನು ಚಿಲ್ಲರೆ ಎಣಿಸ್ಲಾ? ಈ ಒಂದು ಚಳಿಗಾಲ ಒಬ್ಬ ಡಾಲರಿನವನು ಸಿಕ್ಕರೆ ನಾವೂ ಒಂದು ಗುಂಡಿಗೆ ಮುಂಗಡ ಕಟ್ಟಬಹುದು."

ಅವನು ಟೋಪಿ ಹಾಕಿಕೊಂಡು ವ್ಯಾನ್ ಓಡಿಸೋಕೆ ಹೋದ. ಜಗಳ ಬೇಡ ಅಂದರೆ ಅವನು ಮಾಡೋದೇ ಅದು.

ನಾನೇ ಹೋಗಿ ಸಾದತ್ ಮುಂದೆ ನಿಂತೆ. "ನೋಡಮ್ಮಾ, ಬೇಜಾರು ಮಾಡ್ಕೋಬೇಡ. ನಮ್ಮ ಮಗನಿಗೆ ಮದುವೆ ನಿಶ್ಚಯ ಆಗ್ತಿದೆ. ಹೊಸ ಜೋಡಿಗೆ ಈ ಮನೆ ಬೇಕಾಗುತ್ತೆ."

ಅವಳು ಆಲೂಗಡ್ಡೆ ಸಿಪ್ಪೆ ತೆಗೀತಿದ್ದವಳು ತಲೆ ಎತ್ತಿದಳು. "ಯಾವ ಮಗನಿಗೆ ಅಕ್ಕ? ನಿಮಗೆ ಇರೋದು ಒಬ್ಬನೇ, ಅವನಿನ್ನೂ ಏಳನೇ ಕ್ಲಾಸು."

ಇಡೀ ಊರು ಹೇಳ್ತಿದ್ದ ಸುಳ್ಳನ್ನ ನಾನೂ ಹೇಳಿದ್ದೆ, ಅಳತೆ ನೋಡದೆ. "ಯಾವನೋ ಒಬ್ಬನಿಗೆ" ಅಂದೆ. "ಬೇಕು ಅಂದ್ರೆ ಬೇಕು."

ಅವಳು ಜಗಳ ಆಡಿದ್ದರೆ ನನಗೆ ಸಲೀಸಾಗಿತ್ತು. "ಸರಿ ಅಕ್ಕ, ತಿಂಗಳ ಕೊನೆಗೆ ಹೋಗ್ತೀನಿ" ಅಂದು ಮತ್ತೆ ಆಲೂಗಡ್ಡೆ ತಗೊಂಡಳು.

ಹೋಗೋ ದಿನ ಬಂತು. ಗೇಟಿನ ಹತ್ತಿರ ಅವಳ ಗಂಟುಗಳು, ಒಂದು ಹಳೇ ಕಾರು. ಅತ್ತೆ ಮೆಟ್ಟಿಲ ಮೇಲೆ ಕೋಲು ಹಿಡಿದು ಕೂತಿದ್ದರು. ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಗಳಿಂದ ಯಾರೇ ಹೊರಟರೂ, ಬಾಗಿಲಲ್ಲಿ ನಿಂತು ಮಾತಾಡಿ ಹೋಗೋರಾದರೂ, ತಂದೂರಿನ ರೊಟ್ಟಿ ಒಡ್ಡದೆ ಕಳಿಸೋದಿಲ್ಲ. ಅವರು ಒಂದು ಚೂರು ಚಿವುಟಿ ಬಾಯಿಗೆ ಹಾಕಿಕೊಂಡು ಹೋಗ್ತಾರೆ. ಅದು ನೆಂಟರ ಮರ್ಯಾದೆ. ಆದರೆ ಸೈನ್ಯಕ್ಕೆ ಹೋಗೋ ಮಗ, ದೂರ ಹೋಗೋ ಮಗಳು ಚಿವುಟೋದಿಲ್ಲ, ರೊಟ್ಟಿಗೇ ಬಾಯಿ ಹಾಕಿ ಕಚ್ತಾರೆ. ಕಚ್ಚಿದ ರೊಟ್ಟಿಯನ್ನ ಗೋಡೆಗೆ ನೇತುಹಾಕ್ತೀವಿ. ಉಳಿದದ್ದನ್ನ ತಿನ್ನೋಕೆ ಅವರು ಮನೆಗೆ ವಾಪಸ್ ಬರಲೇಬೇಕು, ಅಲ್ಲೀವರೆಗೂ ಅದನ್ನ ಯಾರೂ ಮುಟ್ಟೋ ಹಾಗಿಲ್ಲ.

ನನ್ನ ಕೈಯ ಅಭ್ಯಾಸ ನೋಡಿ! ಹೊರಗೆ ಹಾಕ್ತಿರೋಳು ನಾನೇ, ಆದರೂ ಸಾದತ್ ಚಪ್ಪಲಿ ಮೆಟ್ಟಿದ ಕೂಡಲೇ ಕೈ ತಾನಾಗಿ ಒಳಗೆ ಹೋಗಿ ರೊಟ್ಟಿ ಹಿಡಿದುಕೊಂಡು ಬಂತು. ಸಾದತ್ ಒಂದು ಚೂರು ಚಿವುಟಿದಳು. ಮಗುವಿನ ಮುಂದೆ ಬಗ್ಗಿದೆ. ಆ ಅಕ್ಮೋರ್ ವಸಂತದಲ್ಲಿ ತನ್ನ ಸೋದರಮಾವ ರೊಟ್ಟಿ ಕಚ್ಚಿ ಸೈನ್ಯಕ್ಕೆ ಹೊರಟಿದ್ದನ್ನ ನೋಡಿತ್ತು. ಎರಡೂ ಕೈಯಲ್ಲಿ ರೊಟ್ಟಿ ಹಿಡಿದು, ಬಾಯಿ ಅಗಲಿಸಿ, ಗಬಕ್ಕನೆ ಕಚ್ಚಿತು.

"ಅಯ್ಯೋ, ಬೇಡ ಪುಟ್ಟಾ!" ಅಂತ ಸಾದತ್ ಎಳೆದುಕೊಂಡಳು. ಕಚ್ಚಿಯಾಗಿತ್ತು. ಕೆನ್ನೆ ಉಬ್ಬಿಸಿಕೊಂಡು ಅಗೀತಾ ನಿಂತಿತ್ತು.

ಅತ್ತೆ ಕೋಲೂರಿ ಇಳಿದು ಬಂದರು. ನನ್ನ ಕೈಯಿಂದ ರೊಟ್ಟಿ ತೆಗೆದುಕೊಂಡರು. "ಮಗು ಕಚ್ಚಿದೆ. ಇನ್ನು ವಾಪಸ್ ಬರಬೇಕು" ಅಂದರು, ನನ್ನ ಮುಖ ಕೂಡ ನೋಡದೆ. ಒಂದು ಬಿಳೀ ಬಟ್ಟೆಚೀಲದಲ್ಲಿ ಹಾಕಿ ಅಡುಗೆಮನೆಯ ಗೋಡೆಯ ಮೊಳೆಗೆ ತಾವೇ ನೇತುಹಾಕಿದರು. ಬಾಡಿಗೆಯವರ ರೊಟ್ಟಿ ನನ್ನ ಒಲೆಯ ಮೇಲೆ! ಚಹಾ ಮಾಡೋವಾಗೆಲ್ಲ ಅದು ನನ್ನ ತಲೆಗೆ ತಾಗ್ತಿತ್ತು.

ಬ್ರೋಕರ್ ಒಬ್ಬ ಗ್ಲೆಬ್ ಅನ್ನೋ ಹುಡುಗನನ್ನ ಕರೆತಂದ. ಒಳ್ಳೆ ಹುಡುಗನೇ, ಕೇಳಿದಷ್ಟು ಕೊಟ್ಟ. ಆದರೆ ಕಲ್ಲಿದ್ದಲ ಒಲೆ ಅವನಿಗೆ ಬಗ್ಗಲಿಲ್ಲ. ಹೊಗೆ ತುಂಬಿಸಿಕೊಂಡು ಕೆಮ್ಮುತ್ತಾ ಅಂಗಳಕ್ಕೆ ಬಂದು ನಿಲ್ಲೋನು, ಸಬೀರ್ ಹೋಗಿ ಹೊತ್ತಿಸಿಕೊಡಬೇಕು. ಹಿಮ ಬಿದ್ದ ಮೇಲೆ ಅಂಗಳದಾಚೆಯ ಕಕ್ಕಸಿಗೆ ಹೋಗಿ ಬಂದ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು. ಎರಡನೇ ತಿಂಗಳ ಬಾಡಿಗೆ ಕೇಳೋ ಮುಂಚೆಯೇ ಕೈಮುಗಿದು ಹೋದ. ಆಮೇಲೆ ಬಂದವರೆಲ್ಲ ಬಾಗಿಲಲ್ಲೇ ನಿಂತು "ಬಿಸಿನೀರು ಬರುತ್ತಾ?" ಅಂತ ಕೇಳಿ ತಿರುಗಿ ಹೋದರು. ಡಾಲರಿನವರಿಗೆ ಬೇಕಾಗಿದ್ದು ಉಲ್ಕಾನಳ ಫ್ಲಾಟಿನಂಥದ್ದು, ನನ್ನ ಅಂಗಳದ ಮನೆಯಲ್ಲ. ಇದನ್ನ ನಾನು ಮೊದಲೇ ಯೋಚನೆ ಮಾಡಬೇಕಿತ್ತು ಅಂತ ಸಬೀರ್ ಹೇಳಲಿಲ್ಲ, ಮುಖ ಹೇಳಿತು.

ಗ್ಲೆಬ್ ಇನ್ನೂ ಇದ್ದಾಗಲೇ ಬಂದ ಸುದ್ದಿ ಕೇಳಿ. ಸಾದತ್ ಮನೆ ಸಿಗದೆ ಶಿಶುವಿಹಾರದ ಅಡುಗೆಕೋಣೆಯಲ್ಲೇ ಮಗು ಮಲಗಿಸಿಕೊಳ್ತಿದ್ದಳಂತೆ. ಉಲ್ಕಾನ್ ಹೋಗಿ ಕೈಹಿಡಿದು ಕರೆದುಕೊಂಡು ಬಂದು ತನ್ನ ಎದುರಿನ ಫ್ಲಾಟಿನಲ್ಲಿ ಇಟ್ಟುಕೊಂಡಳಂತೆ. ಬಾಡಿಗೆ ಎಷ್ಟು ಅಂತೀರಿ? ನನ್ನ ಅಂಗಳದ ಮನೆಗೆ ಕೊಡ್ತಿದ್ದಷ್ಟೇ! ಬಿಸಿನೀರು, ಲಿಫ್ಟು, ಬೆಟ್ಟ ಕಾಣೋ ಕಿಟಕಿ, ಎಲ್ಲಾ ಸೇರಿ ಅಷ್ಟೇ!

ಕುಲದವರ ಫೋನು ನಿಲ್ಲಲಿಲ್ಲ. "ನಿನ್ನ ಓರಗಿತ್ತಿ ಎಂಥ ಮನುಷ್ಯಳು ಕಣೇ ಬೂರುಲ್!" ನಾನು ಹೊರಗೆ ಹಾಕಿದವಳನ್ನೇ ಎತ್ತಿಕೊಂಡು ಮೆರೆದಳಲ್ಲ! ಡಾಲರ್ ತಗೊಂಡಿದ್ದರೆ ದುಡ್ಡಿಗೆ ಉರೀತಿದ್ದೆ, ಅಷ್ಟೇ. ಈಗ ಹೆಸರಿಗೂ ಉರಿಯೋ ಹಾಗೆ ಮಾಡಿದಳು. ಅವಳ ಹೆಸರು ಬೆಳಗೋಕೆ ನನ್ನ ಮುಖಕ್ಕೇ ಮಸಿ ಬೇಕಿತ್ತಾ?

ಅತ್ತೆಗೂ ಸುದ್ದಿ ಮುಟ್ಟಿತು. ಮಾರನೇ ಬೆಳಗ್ಗೆ ಬ್ಯಾಗು ತುಂಬಿದರು. "ಮಗೂನ ನೋಡ್ಕೊಂಡು ಬರ್ತೀನಿ" ಅಂದರು.

"ಲಿಫ್ಟು ಅಂದ್ರೆ ಭಯ ಅಂತಿದ್ರಲ್ಲ ಅತ್ತೆ?"

"ಕಣ್ಣು ಮುಚ್ಕೋತೀನಿ."

ಹೊರಡೋ ಮುಂಚೆ ಅಡುಗೆಮನೆಯಲ್ಲಿ ಒಬ್ಬರೇ ಏನೋ ಮಾಡ್ತಿದ್ದರು, ಕಟಕಟ ಸದ್ದು ಬಂತು. ಸಕ್ಕರೆಗಡ್ಡೆ ಕಚ್ಚಿಕೊಂಡು ಚಹಾ ಕುಡಿಯೋದು ಅವರ ಅಭ್ಯಾಸ, ಅದೇ ಇರಬೇಕು ಅಂದುಕೊಂಡೆ. ಗೇಟಿನಲ್ಲಿ ನಾನು ರೊಟ್ಟಿ ಒಡ್ಡಿದೆ. ಅತ್ತೆ ಕೈ ಅಡ್ಡ ಮಾಡಿದರು.

"ಆಗಲೇ ತಿಂದೆ" ಅಂದು ಸಬೀರನ ವ್ಯಾನ್ ಹತ್ತಿದರು.

ರೊಟ್ಟಿ ಬೇಡ ಅಂದರು! ಶತ್ರುಗಳು ಕೂಡ ಒಡ್ಡಿದ ರೊಟ್ಟಿಯಿಂದ ಒಂದು ಚೂರು ತಗೋತಾರೆ. ಇಷ್ಟು ವರ್ಷ ಚಾಕರಿ ಮಾಡಿಸಿಕೊಂಡು, ಹೋಗೋವಾಗ ನನ್ನ ಕೈ ರೊಟ್ಟಿ ಬೇಡವಾಯಿತು ಇವರಿಗೆ. ನಾನು ಗೇಟು ಹಾಕಿಕೊಂಡು ಅಲ್ಲೇ ಕಣ್ಣೀರು ಹಾಕಿದೆ.

ಹೋದವರು ಬರಲಿಲ್ಲ. ಉಲ್ಕಾನಳ ಮನೆಯ ಆ ಬೆಟ್ಟ ಕಾಣೋ ಕೋಣೆಯಲ್ಲಿ ಮಲಗ್ತಾರಂತೆ, ಮಗು ಎದುರು ಮನೆಯಿಂದ ಎದ್ದು ಬಂದು ಅವರ ಹಾಸಿಗೆಗೇ ನುಗ್ಗುತ್ತಂತೆ. ನನ್ನ ಅಂಗಳದಲ್ಲಿ ಬಾಡಿಗೆಯವರೂ ಇಲ್ಲ, ಅತ್ತೆಯೂ ಇಲ್ಲ. ತಾಯಿ ಕಿರಿಮಗನ ಮನೆ ಬಿಟ್ಟು ಹೋದಳು ಅಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಪಕ್ಕದ ಮನೆಯವಳು ದಿನಾ ಬೇಲಿ ಮೇಲೆ. "ಅತ್ತೆ ಇನ್ನೂ ಬಂದಿಲ್ವಾ? ಅಲ್ಲೇ ಹೊಂದಿಕೊಂಡ್ರಾ?" ಸಬೀರ್ ಊಟ ಕಡಿಮೆ ಮಾಡಿದ. ನನಗೋ, ಬೆಳಗ್ಗೆ ಎದ್ದರೆ ಕಾಲು ಒತ್ತೋಕೆ ಕಾಲಿಲ್ಲ, ಉಲ್ಕಾನಳನ್ನ ಹೊಗಳೋಕೆ ಬಾಯಿಲ್ಲ. ಆ ಹೊಗಳಿಕೆ ಕೇಳದೆ ಮನೆ ಬಿಕೋ ಅಂತಿತ್ತು ಅಂದರೆ ನಂಬ್ತೀರಾ?

ಕೊನೆಗೆ ಒಂದು ಭಾನುವಾರ ಸಬೀರನ ವ್ಯಾನ್ ಹತ್ತಿ ಹೋದೆ. ಒಂದೇ ಲೆಕ್ಕಾಚಾರ. ಸಾದತ್‌ನ ವಾಪಸ್ ಕರೆದರೆ ಮಗು ಬರುತ್ತೆ, ಮಗು ಬಂದರೆ ಅತ್ತೆ ಬರ್ತಾರೆ.

ಉಲ್ಕಾನಳ ಮೇಜಿನ ಸುತ್ತ ಎಲ್ಲರೂ ಚಹಾಕ್ಕೆ ಕೂತಿದ್ದರು. ಅತ್ತೆ, ಅವರ ಮಡಿಲಲ್ಲಿ ಅಕ್ಮೋರ್, ಸಾದತ್, ಚಹಾ ಬಗ್ಗಿಸ್ತಾ ಉಲ್ಕಾನ್. ನಾನು ಕೋಟು ಕೂಡ ಬಿಚ್ಚಲಿಲ್ಲ.

"ಸಾದತ್, ಅಂಗಳದ ಮನೆ ಖಾಲಿ ಇದೆ. ಬಾ. ಹಳೇ ಬಾಡಿಗೆನೇ."

ಉಲ್ಕಾನ್ ಚಹಾದ ಕೆಟಲ್ ಕೆಳಗಿಟ್ಟಳು. "ಯಾಕೆ, ಮಗನ ಮದುವೆ ಮುರಿದುಬಿತ್ತಾ?"

"ನಿಮ್ಮನ್ನ ಕೇಳಿಲ್ಲ ಅಕ್ಕ. ಸಾದತ್, ಹಳೇದಕ್ಕಿಂತ ಕಮ್ಮಿ ಕೊಡು. ಕಲ್ಲಿದ್ದಲೂ ನಂದೇ."

"ಇಲ್ಲೂ ಕಮ್ಮಿ ಮಾಡ್ತೀನಿ ಸಾದತ್, ಅರ್ಧ ಕೊಡು ಸಾಕು" ಅಂದಳು ಉಲ್ಕಾನ್.

"ಅರ್ಧದಲ್ಲಿ ಅರ್ಧ ಕೊಡು!"

"ಕರೆಂಟ್ ಬಿಲ್ ಕೊಡು, ಅಷ್ಟೇ ಸಾಕು!"

ಊರಿಗೆ ಊರೇ ಬಾಡಿಗೆ ಏರಿಸ್ತಿದ್ದಾಗ ನಾವಿಬ್ಬರು ಹರಾಜನ್ನ ಕೆಳಗಿಳಿಸ್ತಾ ನಿಂತಿದ್ವಿ. ಸಾದತ್ ನಮ್ಮಿಬ್ಬರನ್ನೂ ನೋಡಿದಳು. "ಅಕ್ಕಂದಿರಾ, ನಾನೇನು ಸಂತೆಗೆ ತಂದ ಕುರೀನಾ, ಆ ಕಡೆ ಈ ಕಡೆ ಎಳೆಯೋಕೆ?" ಅಂದಳು. ಮಗುವನ್ನ ಎತ್ತಿಕೊಂಡು ಕಿಟಕಿ ಹತ್ತಿರ ಹೋದಳು.

"ನಿಮಗ್ಯಾಕೆ ಅಕ್ಕ ಇಷ್ಟು ಹಟ?" ನಾನು ಉಲ್ಕಾನಳ ಮೇಲೆ ಹರಿಹಾಯ್ದೆ. "ಹೆಸರು ಬಂತಲ್ಲ, ಇನ್ನೂ ಏನು ಬೇಕು? ಡಾಲರ್ ಬಿಟ್ಟು ದಾನ ಮಾಡಿದ ಮಹಾತಾಯಿ ನೀವು!"

"ಯಾವ ದಾನ ಕಣೇ?" ಅಂದಳು ಉಲ್ಕಾನ್. "ಈ ಕೋಣೆ ಮಾಡಿಸಿ ಎಷ್ಟು ವರ್ಷ ಆಯ್ತು? ಅತ್ತೆ ಒಂದು ರಾತ್ರಿ ಮಲಗಿದ್ರಾ ಇಲ್ಲಿ? ಮಾಸ್ಕೋದಲ್ಲಿ ಮೆಟ್ಟಿಲು ತೊಳೀವಾಗ ಒಂದೇ ಯೋಚನೆ ನನಗೆ. ಅಲ್ಲಿ ಬೂರುಲ್ ಅತ್ತೆ ಕಾಲ ಹತ್ರ ಕೂತಿರ್ತಾಳೆ, ಬೆಚ್ಚಗೆ. ಮನೇನೂ ಅವಳಿಗೆ, ಅಮ್ಮನೂ ಅವಳಿಗೆ. ಡಾಲರಿನವನಿಗೆ ಕೊಟ್ಟಿದ್ರೆ ಅತ್ತೆ ಲಿಫ್ಟ್ ಹತ್ತಿ ಬರ್ತಿದ್ರಾ? ಮಗು ಇದ್ರೆ ಬರ್ತಾರೆ ಅಂತ ಗೊತ್ತಿತ್ತು. ಬಂದ್ರು."

ಇಡೀ ಕುಲ ಕೊಂಡಾಡಿದ ಆ ದೊಡ್ಡ ಮನಸ್ಸಿನ ಒಳಗೆ ಇದ್ದದ್ದು ಬರೀ ಹೊಟ್ಟೆಕಿಚ್ಚು, ಅದೂ ನನ್ನ ಮೇಲೆ! ನನ್ನ ಮೇಲೂ ಕಿಚ್ಚು ಪಡೋರಿದ್ದಾರೆ ಅಂತ ಗೊತ್ತಾದ ಖುಷಿ ಒಂದು ಗಳಿಗೆ. ಮರುಗಳಿಗೆ, ಅವಳು ಗೆದ್ದಳಲ್ಲ, ಅತ್ತೆ ಇವಳ ಮನೆಯಲ್ಲೇ ಕೂತಿದ್ದಾರಲ್ಲ ಅಂತ ಮತ್ತೆ ಉರಿ.

ಅತ್ತೆ ಸಕ್ಕರೆಗಡ್ಡೆ ಕಚ್ಚಿ ಚಹಾ ಹೀರಿದರು. "ಬೂರುಲ್, ಗೋಡೆಯ ರೊಟ್ಟಿ ಏನು ಮಾಡಿದೆ?"

"ನೀವು ಹಾಕಿದಲ್ಲೇ ಇದೆ ಅತ್ತೆ."

"ಬಿಚ್ಚಿ ನೋಡಿದ್ಯಾ?"

"ಇಲ್ಲ. ಮುಟ್ಟಬಾರದು ಅಲ್ವಾ?"

"ಹೋಗಿ ತಗೊಂಡು ಬಾ."

ಸಬೀರ್ ಕೆಳಗೆ ವ್ಯಾನಿನಲ್ಲಿ ಕಾಯ್ತಿದ್ದ. ಮನೆಗೆ ಬಂದು, ಚೀಲ ಇಳಿಸಿ ಬಿಚ್ಚಿದೆ. ರೊಟ್ಟಿ ಹಲಗೆಯ ಹಾಗೆ ಒಣಗಿತ್ತು. ಒಂದು ಅಂಚಿನಲ್ಲಿ ಅಕ್ಮೋರ್ ಕಚ್ಚಿದ ಪುಟ್ಟ ಗುರುತು. ತಿರುಗಿಸಿದೆ. ಎದುರು ಅಂಚಿನಲ್ಲಿ ಇನ್ನೊಂದು ಗುರುತು ಇತ್ತು. ಗಟ್ಟಿ ರೊಟ್ಟಿಯನ್ನ ಕಷ್ಟಪಟ್ಟು ಕಡಿದ ಗುರುತು, ಅಗಲ, ನೇರ. ನಮ್ಮ ಮನೆಯಲ್ಲಿ ಆ ಅಳತೆಯ ಹಲ್ಲು ಒಬ್ಬರಿಗೇ ಇರೋದು. ಅತ್ತೆಯ ಮುಂದಿನ ಹಲ್ಲೆಲ್ಲ ಚಿನ್ನದ್ದು.

ಅವತ್ತಿನ ಕಟಕಟ ಸದ್ದು ಸಕ್ಕರೆಗಡ್ಡೆಯದಲ್ಲ. "ಆಗಲೇ ತಿಂದೆ" ಅಂದದ್ದು ಕೋಪವಲ್ಲ. ಇಷ್ಟು ದಿನ ಒಲೆ ಮುಂದೆ ನಿಂತು ನಾನು ಶಪಿಸಿದ ಚೀಲದಲ್ಲಿ ಅತ್ತೆ ತಾವು ವಾಪಸ್ ಬರೋ ಮಾತನ್ನ ಕಚ್ಚಿಟ್ಟು ಹೋಗಿದ್ದರು. ಸ್ಟೂಲ್ ಎಳೆದುಕೊಂಡು ಕೂತು ಗೊಳೋ ಅಂತ ಅತ್ತುಬಿಟ್ಟೆ. ಸಬೀರ್ ಹಾರ್ನ್ ಹೊಡೆದ ಮೇಲೆ ಎದ್ದೆ.

ಮತ್ತೆ ಒಂಬತ್ತನೇ ಅಂತಸ್ತು. ಮೇಜಿನ ಮೇಲೆ ರೊಟ್ಟಿ ಇಟ್ಟೆ. ಉಲ್ಕಾನ್ ಬಗ್ಗಿ ನೋಡಿದಳು. ಅವಳೂ ಈ ಮನೆಯ ಸೊಸೆಯೇ, ಆ ಹಲ್ಲಿನ ಗುರುತು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೂತಳು.

ಅತ್ತೆ ರೊಟ್ಟಿಯನ್ನ ಮೊಣಕಾಲಿಗೆ ಒತ್ತಿ ಎರಡು ತುಂಡು ಮಾಡಿದರು. ಮಗು ಕಚ್ಚಿದ ಅರ್ಧವನ್ನ ಬಿಸಿ ಚಹಾದಲ್ಲಿ ಅದ್ದಿ ಅಕ್ಮೋರ್ ಕೈಗೆ ಕೊಟ್ಟರು. "ಇವಳ ಪಾಲನ್ನ ಇಲ್ಲೇ ತಿನ್ನಲಿ. ಹೊಗೆಯ ಮನೆ ಮಗುವಿಗೆ ಬೇಡ, ಇಲ್ಲಿ ಬೆಚ್ಚಗಿದೆ. ಉಲ್ಕಾನ್, ಅರ್ಧ ಬಾಡಿಗೆ ಅಂದೆ, ಅರ್ಧನೇ ತಗೋ. ಮಾತು ತಪ್ಪಬೇಡ."

ಇನ್ನರ್ಧವನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡರು. "ನನ್ನ ಪಾಲು ಮನೆಗೆ ಹೋಗಿ ತಿಂತೀನಿ. ಬೂರುಲ್, ಬ್ಯಾಗ್ ತಗೋ."

ಬ್ಯಾಗ್ ಎತ್ತಿಕೊಂಡೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಾದತ್, ಮಗು, ಫ್ಲಾಟು, ಹೆಸರು, ಎಲ್ಲಾ ಉಲ್ಕಾನಳಿಗೇ ಇರಲಿ. ಆ ಹೆಸರನ್ನ ಅವಳ ಅರವತ್ತರಲ್ಲಿ ಮೈಕಿನಲ್ಲಿ ಹಾಡಲಿ. ಇವತ್ತಿಗೂ ಹಾಡ್ತಾರೆ, ಇವತ್ತಿಗೂ ನನಗೆ ಉರಿಯುತ್ತೆ, ಇಲ್ಲ ಅನ್ನಲ್ಲ.

ಆದರೆ ಅವತ್ತು ಬಾಗಿಲಲ್ಲಿ ಆದದ್ದನ್ನ ನೋಡಿದ್ದು ನಾನೊಬ್ಬಳೇ. ಉಲ್ಕಾನ್ ಒಳಗೆ ಓಡಿ ಹೋಗಿ, ಅವತ್ತು ಬೆಳಗ್ಗೆ ತಂದ ದೊಡ್ಡ ರೊಟ್ಟಿ ತಂದಳು. ಮುರಿಯದೆ ಇಡಿಯಾಗಿ ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಬಾಯಿಯ ಮಟ್ಟಕ್ಕೆ ಒಡ್ಡಿದಳು. ಕಚ್ಚಲಿ ಅಂತ.

"ಅತ್ತೆ" ಅಂದಳು. ಅಷ್ಟೇ ಅಂದಳು.

ಅತ್ತೆ ಅವಳ ಕೆನ್ನೆ ಸವರಿದರು. "ಚೆನ್ನಾಗಿ ನೋಡ್ಕೊಂಡೆ ಮಗಾ" ಅಂದರು. ಆಮೇಲೆ ರೊಟ್ಟಿಯ ಅಂಚಿನಿಂದ ಒಂದು ಚೂರು ಚಿವುಟಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಲಿಫ್ಟಿನೊಳಗೆ ಹೋದರು.